ಚೂರು ಕೂತ ಸೀಟು

ಸೀಟಕ್ಕನಿಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದರೆ ಇಲ್ಲ ಅನ್ನುವ ಹಾಗಿಲ್ಲ. ಇತ್ತು. ಒಲೆ ಹಚ್ಚದೆ ಅಡುಗೆ ಮಾಡಿಕೊಳ್ಳುವಷ್ಟಿತ್ತು. ಎದುರಂಗಡಿಯ ಬೋರ್ಡಿಗೆ ಹೊಸ ಬಣ್ಣ ಬಿದ್ದರೆ ಸಾಕು, ಅವತ್ತು ಅವಳಿಗೆ ಊಟ ಸೇರುತ್ತಿರಲಿಲ್ಲ. ಆದರೆ ಅದೆಲ್ಲ ಮೇಲುಮೇಲಿನ ಕಿಚ್ಚು. ನಾಲ್ಕು ಬೈದು, ಒಂದು ಲೋಟ ಚಹಾ ಕುಡಿದರೆ ಆರಿಹೋಗುತ್ತಿತ್ತು. ಒಂದು ನಾಯಿಮರಿಯ ವಿಷಯದಲ್ಲಿ ಹತ್ತಿಕೊಂಡದ್ದು ಮಾತ್ರ ಹಾಗೆ ಆರಲಿಲ್ಲ. ಅದೂ ಯಾರ ಮೇಲೆ? ತಾನೇ ಎತ್ತಿ ಆಡಿಸಿ ಬೆಳೆಸಿದ ತಂಗಿಯ ಮೇಲೆ.

ಅವಳ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಬೈಕು, ಸ್ಕೂಟರು, ವ್ಯಾನು, ಯಾವ ಗಾಡಿಯ ಸೀಟು ಹರಿದರೂ ಅಲ್ಲಿಗೇ ಬರಬೇಕು. ಅಪ್ಪ ಮಾಡುತ್ತಿದ್ದ ಕೆಲಸ, ಅಪ್ಪ ಹೋದಮೇಲೆ ಇವಳ ಕೈಗೆ ಬಂತು. ಹಳೆ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ತೆಗೆದು, ಹೊಸ ಸ್ಪಂಜಿಗೆ ಸೊಲ್ಯೂಷನ್ ಬಳಿದು ಅಂಟಿಸಿ, ಮೇಲೆ ಹೊಸ ರೆಕ್ಸಿನ್ ಎಳೆದು ದಬ್ಬಳದಲ್ಲಿ ಹೊಲಿಯುವುದು. ಹೊಲಿಗೆ ಅಂದರೆ ಹೊಲಿಗೆ, ಸೀಟು ಹರಿದರೂ ಹೊಲಿಗೆ ಬಿಡುತ್ತಿರಲಿಲ್ಲ. ಡ್ರೈವರುಗಳು ಸೀಟಕ್ಕ ಸೀಟಕ್ಕ ಅಂತ ಕರೆದು ಕರೆದು ಅವಳ ಹೆಸರು ಅವಳಿಗೇ ಮರೆತುಹೋದ ಹಾಗಿತ್ತು. ಆ ಸೊಲ್ಯೂಷನ್ನಿನ ಘಾಟು ಮಾತ್ರ ಅವಳ ಕೈಬೆರಳು, ತಲೆಕೂದಲು, ದಿಂಬು ಎಲ್ಲದಕ್ಕೂ ಹತ್ತಿತ್ತು. ಅವಳ ಮೂಗಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಮನೆ ಅಂಗಡಿಯ ಹಿಂದೆಯೇ, ಎರಡು ಕೋಣೆ, ಒಂದು ಅಂಗಳ. ಇರುವವರು ಇಬ್ಬರೇ, ಅಕ್ಕ, ತಂಗಿ. ತಂಗಿ ತುಂಬ ಚಿಕ್ಕವಳು. ಅವಳು ಕೂಸಾಗಿದ್ದಾಗ ಹೊಟ್ಟೆನೋವಿಗೆ ಅತ್ತರೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ಓಡಾಡಿದವಳು ಈ ಅಕ್ಕನೇ. ಆದರೆ ಮನೆಗೆ ಬಂದ ನೆಂಟರು ಮುದ್ದು ಮಾಡುತ್ತಿದ್ದದ್ದು ತಂಗಿಯನ್ನು. "ದೊಡ್ಡವಳು ಕೆಲಸಗಾತಿ, ಚಿಕ್ಕವಳು ಮುದ್ದುಗಾತಿ" ಅಂತ ಅಮ್ಮ ನಗುತ್ತ ಹೇಳುತ್ತಿದ್ದಳು. ಹೇಳಿದವಳು ಹೋಗಿಬಿಟ್ಟಳು, ಕೇಳಿಸಿಕೊಂಡವಳ ಹೊಟ್ಟೆಯಲ್ಲಿ ಆ ಮಾತು ಹಾಗೇ ಉಳಿಯಿತು.

ತಂಗಿಗೆ ಬಸ್ ನಿಲ್ದಾಣದಲ್ಲೇ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಅಂಕಣದಿಂದ ಹೊರಡುತ್ತದೆ ಅಂತ ಮೈಕಿನಲ್ಲಿ ಹೇಳುವುದು. ದನಿ ಅಂದರೆ ಬೆಲ್ಲದ ಪಾಕ. ಬಸ್ಸು ಕೆಟ್ಟು ನಿಂತಿದೆ ಅಂತ ಅವಳು ಹೇಳಿದರೂ ಜನಕ್ಕೆ ಏನೋ ಒಳ್ಳೆ ಸುದ್ದಿ ಕೇಳಿದ ಹಾಗಾಗುತ್ತಿತ್ತು. ನಿಲ್ದಾಣದ ಧ್ವನಿವರ್ಧಕದ ಬಾಯಿ ಸೀಟಕ್ಕನ ಅಂಗಡಿಯ ಕಡೆಗೇ ತಿರುಗಿದ್ದರಿಂದ, ಬೆಳಗಿನಿಂದ ಸಂಜೆತನಕ ಆ ದನಿ ಹೊಲಿಗೆ ಮಷಿನ್ನಿನ ಸದ್ದನ್ನೂ ದಾಟಿ ಒಳಗೆ ಬರುತ್ತಿತ್ತು.

ಮರಿ ಸಿಕ್ಕಿದ್ದು ಸೀಟಕ್ಕನಿಗೆ. ಇದನ್ನು ನೆನಪಿಟ್ಟುಕೊಳ್ಳಬೇಕು, ಯಾಕಂದರೆ ಆಮೇಲೆ ಇದನ್ನು ಮರೆಯಲು ಅವಳು ಯಾರನ್ನೂ ಬಿಡಲಿಲ್ಲ. ಅಂಗಳದ ಮೂಲೆಯಲ್ಲಿ ಚೂರು ಸ್ಪಂಜು ಗುಡ್ಡೆ ಹಾಕುವ ಜಾಗದಲ್ಲಿ ಬೀದಿನಾಯಿಯೊಂದು ಮರಿ ಹಾಕಿತ್ತು. ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಹೋಯಿತು. ಒಂದನ್ನು ಬಿಟ್ಟುಹೋಯಿತು. ಮಣ್ಣಿನ ಬಣ್ಣದ್ದು, ಒಂದು ಕಿವಿ ಮಡಚಿದ್ದು, ಅಂಗೈಯಷ್ಟು. ಸೀಟಕ್ಕ ದಿನವಿಡೀ ಕಿಟಕಿಯಲ್ಲಿ ಕಣ್ಣಿಟ್ಟು ಕಾದಳು. ತಾಯಿ ವಾಪಸ್ ಬರಲಿಲ್ಲ.

ವ್ಯಾನಿನ ಸೀಟು ಕೊಡಲು ಬಂದಿದ್ದ ಮೀಸೆ ಡ್ರೈವರ್ ಬಗ್ಗಿ ನೋಡಿ, "ಇದು ಬದುಕೋದಲ್ಲ ಬಿಡು ಅಕ್ಕಾ. ತಾಯಿಗೆ ಮೊದಲೇ ಗೊತ್ತಾಗಿಬಿಡುತ್ತೆ" ಅಂದ.

"ನಿನ್ನ ತಾಯಿಗೂ ಗೊತ್ತಾಗಿತ್ತೇನೋ. ಆದರೂ ಸಾಕಿದಳಲ್ಲ ಪುಣ್ಯಾತ್ಗಿತ್ತಿ" ಅಂತ ಸೀಟಕ್ಕ ಮರಿಯನ್ನು ಎತ್ತಿಕೊಂಡಳು. ಸ್ಪಂಜಿನ ಚೂರಿನ ನಡುವೆ ಸಿಕ್ಕಿದ್ದಕ್ಕೆ ಚೂರು ಅಂತ ಹೆಸರಿಟ್ಟಳು. ಇನ್ನು ಇದು ನನ್ನದು ಅಂದುಕೊಂಡಳು. ನನ್ನದು ಅಂದುಕೊಳ್ಳಲು ಅವಳಿಗೆ ಅಲ್ಲಿಯವರೆಗೆ ಮಷಿನ್ನು ಬಿಟ್ಟರೆ ಬೇರೇನಿತ್ತು ಹೇಳಿ.

ಮರಿ ಹಾಲು ಕುಡಿಯಿತು. ಕುಡಿದದ್ದು ಹಾಗೇ ಹೊರಗೆ ಬಂತು. ವಾಂತಿ ಮಾಡಿದ ಹಾಗಲ್ಲ, ತುಂಬಿದ ಪಾತ್ರೆ ಓರೆಯಾದರೆ ಚೆಲ್ಲುತ್ತದಲ್ಲ, ಹಾಗೆ. ಮತ್ತೆ ಕುಡಿಸಿದಳು, ಮತ್ತೆ ಚೆಲ್ಲಿತು. ಹಸಿವೋ ಹಸಿವು, ಆದರೆ ಹೊಟ್ಟೆಗೆ ಮಾತ್ರ ಏನೂ ಇಳಿಯದು. ಪಕ್ಕೆಲುಬು ಎದ್ದು ಕಾಣತೊಡಗಿದಾಗ ಸೀಟಕ್ಕ ಮಷಿನ್ನಿಗೆ ಬಟ್ಟೆ ಮುಚ್ಚಿ, ಮರಿಯನ್ನು ಎದೆಗವಚಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. "ನೋಡಿ, ಗಂಟಲಿಂದ ಹೊಟ್ಟೆಗೆ ಹೋಗೋ ಈ ಅನ್ನನಾಳ ಜೋತುಬಿದ್ದು ಚೀಲದ ಹಾಗಾಗಿದೆ. ಹುಟ್ಟಿನಿಂದಲೇ ಹೀಗೆ. ನುಂಗಿದ್ದನ್ನ ಕೆಳಕ್ಕೆ ತಳ್ಳೋ ಶಕ್ತಿ ಇದಕ್ಕಿಲ್ಲ."

"ಔಷಧಿ?"

"ಔಷಧಿಗಿಂತ ಮುಖ್ಯ ಕೂರಿಸೋದು. ಮನುಷ್ಯರ ಹಾಗೆ ನೆಟ್ಟಗೆ ಕೂರಿಸಿ ತಿನ್ನಿಸಬೇಕು. ತಿಂದಮೇಲೂ ಕಾಲುಗಂಟೆ ನೆಟ್ಟಗೇ ಇರಬೇಕು. ತಿಂದದ್ದು ತನ್ನ ಭಾರಕ್ಕೆ ತಾನೇ ಇಳೀಬೇಕು. ಅಡ್ಡ ಬಿದ್ದರೆ ವಾಪಸ್ ಬರುತ್ತೆ. ಉಸಿರಿನ ದಾರಿಗೆ ಇಳಿದರೆ ಜೀವಕ್ಕೇ ಅಪಾಯ."

"ಬದುಕುತ್ತಾ ಇದು?"

"ಕೆಲವಕ್ಕೆ ಬೆಳೀತಾ ಬೆಳೀತಾ ಸುಧಾರಿಸುತ್ತೆ. ಅಲ್ಲಿತನಕ ಉಳಿಸಿಕೊಳ್ಳೋದು ನಿಮ್ಮ ಕೈಲಿದೆ."

ಕೈಲಿದೆ ಅಂದರು. ಆ ಕೈಯನ್ನೇ ಮರಿ ಒಲ್ಲೆ ಅಂದರೆ?

ಮನೆಗೆ ಬಂದು, ಕೋಳಿಮಾಂಸ ಬೇಯಿಸಿ ಅರೆದು, ಸಣ್ಣ ಸಣ್ಣ ಉಂಡೆ ಮಾಡಿ, ಮರಿಯನ್ನು ನೆಟ್ಟಗೆ ಹಿಡಿದು ತಿನ್ನಿಸಿದಳು. ಆಮೇಲೆ ಹೆಗಲಿಗೆ ಹಾಕಿಕೊಂಡಳು, ಥೇಟ್ ಕೂಸನ್ನು ಹಾಕಿಕೊಂಡ ಹಾಗೆ. ಚೂರು ಅವಳ ಕುತ್ತಿಗೆಯ ಹತ್ತಿರ ಮೂಗು ತಂದಿತು. ಒಂದು ಸೀನು. ಇನ್ನೊಂದು ಸೀನು. ಮುಖ ಆ ಕಡೆ ತಿರುಗಿಸಿ, ಮುಂಗಾಲಿನಿಂದ ಅವಳ ಗಲ್ಲವನ್ನು ತಳ್ಳಿ, ಕೊಸರಾಡಿ ಕೊಸರಾಡಿ ಕೆಳಗೆ ಬೀಳುವುದಕ್ಕೇ ಬಂತು. ಸೊಲ್ಯೂಷನ್ ಘಾಟು ಅದರ ಮೂಗಿಗೆ ಹೊಡೆಯುತ್ತಿತ್ತು. ಅಷ್ಟು ಹೊತ್ತಿಗೆ ಕೆಲಸ ಮುಗಿಸಿ ಬಂದ ತಂಗಿ, ಚಪ್ಪಲಿಯನ್ನೂ ಬಿಡದೆ, "ಅಯ್ಯೋ ನನ್ನ ಬಂಗಾರಾ, ಏನಾಯ್ತೋ ನಿಂಗೆ" ಅಂತ ಕೈ ಚಾಚಿದಳು. ಮರಿ ಅವಳ ಹೆಗಲಿಗೆ ಹೋಗಿ, ಒಂದು ನಿಟ್ಟುಸಿರು ಬಿಟ್ಟು, ಗಲ್ಲ ಒರಗಿಸಿ ನಿದ್ದೆ ಹೋಯಿತು. ತಿಂದದ್ದು ಒಂದು ಹನಿ ಹೊರಗೆ ಬರಲಿಲ್ಲ.

"ನೋಡಕ್ಕಾ, ಹೇಗೆ ಮಲಗಿಬಿಡ್ತು!" ಅಂತ ತಂಗಿ ಪಿಸುಗುಟ್ಟಿದಳು. ಖುಷಿಗೆ ಅಂದಳೇ ಹೊರತು ಹಂಗಿಸಲಿಕ್ಕಲ್ಲ.

"ನೋಡಿದೆ, ನೋಡಿದೆ. ನನಗೂ ಕಣ್ಣಿದೆ" ಅಂದಳು ಸೀಟಕ್ಕ. ಒಳಗೆ ಹೋಗಿ ಕೈ ತೊಳೆದಳು. ಸೋಪು ಹಚ್ಚಿ ತೊಳೆದಳು, ನಿಂಬೆಸಿಪ್ಪೆ ಉಜ್ಜಿ ತೊಳೆದಳು. ಮೂಸಿ ನೋಡಿದಳು. ಅವಳ ಮೂಗಿಗೆ ಏನೂ ಗೊತ್ತಾಗಲಿಲ್ಲ. ಮರಿಯ ಹತ್ತಿರ ಹೋದಳು, ಅದು ಸೀನಿತು.

ಹೀಗೇ ಶುರುವಾಯಿತು. ಬೆಳಗಿನಿಂದ ಮರಿಗೆ ಮಾಡುವವಳು ಸೀಟಕ್ಕ. ಮಾಂಸ ಅರೆಯುವವಳು, ಚೆಲ್ಲಿದ್ದನ್ನು ಒರೆಸುವವಳು, ಬಾಯಿ ಅಗಲಿಸಿ ಔಷಧಿ ಹಾಕುವವಳು, ಸೂಜಿ ಚುಚ್ಚಿಸಲು ಹಿಡಿದುಕೊಳ್ಳುವವಳು ಎಲ್ಲ ಅವಳೇ. ಸಂಜೆ ಬಂದು "ಬಂಗಾರಾ" ಅನ್ನುವವಳು ತಂಗಿ. ಚೂರು ಅಂದರೆ ಮರಿ ಕಿವಿ ಎತ್ತದು, ಬಂಗಾರಾ ಅಂದರೆ ಬಾಲದ ಜೊತೆ ಅರ್ಧ ಮೈಯೇ ಕುಣಿಯುವುದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೆಸರು ಅಕ್ಕನ ಕೈಗೆ, ಮೊಸರು ತಂಗಿಯ ಬಾಯಿಗೆ. ಸಾಲದ್ದಕ್ಕೆ ಆ ಧ್ವನಿವರ್ಧಕ ಬೇರೆ. ಮಧ್ಯಾಹ್ನ ಅಂಗಡಿಯಲ್ಲಿ ಮರಿ ಅವಳ ಕಾಲ ಹತ್ತಿರ ಒಮ್ಮೆ ಸುಮ್ಮನೆ ಮಲಗಿತ್ತು. ಸೀಟಕ್ಕ ಉಸಿರು ಬಿಗಿಹಿಡಿದು ಮಷಿನ್ನು ನಿಲ್ಲಿಸಿದಳು. ಅಷ್ಟರಲ್ಲಿ, "ಪ್ರಯಾಣಿಕರ ಗಮನಕ್ಕೆ..." ಅಂತ ಬೆಲ್ಲದ ಪಾಕ ಗಾಳಿಯಲ್ಲಿ ಹರಿದುಬಂತು. ಮರಿ ತಟಕ್ಕನೆ ಎದ್ದು, ಬಾಗಿಲಿಗೆ ಓಡಿ, ಬೀದಿಗೆ ಮುಖಮಾಡಿ ಬಾಲ ಆಡಿಸುತ್ತ ನಿಂತಿತು.

"ಅಲ್ಲಿಂದಲೂ ಬಿಡಲ್ಲ ನೋಡು ಇವಳು" ಅಂತ ಸೀಟಕ್ಕ ಹಲ್ಲು ಕಡಿದಳು. ಬಸ್ಸು ಹೋಯಿತು, ಹೊಟ್ಟೆಯ ಉರಿ ಹೋಗಲಿಲ್ಲ.

ಹೆಗಲ ಮೇಲೆ ನಿಲ್ಲದ ಮರಿಯನ್ನು ಹಗಲೆಲ್ಲ ನೆಟ್ಟಗೆ ಕೂರಿಸುವುದು ಹೇಗೆ? ಆಗ ಅವಳಿಗೆ ಹೊಳೆಯಿತು. ಅಲ್ಲಾ, ಊರಿನ ಗಾಡಿಗೆಲ್ಲ ಸೀಟು ಹೊಲಿಯುವವಳು ಒಂದು ಮರಿಗೆ ಸೀಟು ಹೊಲಿಯಲಾರಳೇ! ಹಲಗೆ ಕೊಯ್ದು ಕಿರಿದಾದ ಎತ್ತರದ ಪೆಟ್ಟಿಗೆ ಮಾಡಿದಳು. ಒಳಗೆ ಮೂರು ಕಡೆ ಮೆತ್ತನೆಯ ಸ್ಪಂಜು, ಹೊರಗೆ ಕೆಂಪು ರೆಕ್ಸಿನ್, ಅಂಚಿಗೆಲ್ಲ ಬಿಳಿ ಪಟ್ಟಿ. ದುಬಾರಿ ಬೈಕಿನವರು ಕೇಳಿದಾಗಲೂ ಅಷ್ಟು ನಾಜೂಕಾಗಿ ಬಿಳಿ ಪಟ್ಟಿ ಕೂರಿಸಿದವಳಲ್ಲ. ಎದೆಗೆ ಅಡ್ಡ ಒಂದು ಮೆತ್ತನೆಯ ಬೆಲ್ಟು, ಮುಂದೆ ತಟ್ಟೆ ಇಡಲು ಒಂದು ಹಲಗೆ. ಮೀಸೆ ನೋಡಿ, "ಅಕ್ಕಾ, ನನ್ನ ವ್ಯಾನಿಗೂ ಇಂಥದ್ದೇ ಮಾಡಿಕೊಡು, ಪ್ರಯಾಣಿಕರು ಇಳಿಯೋದೇ ಬೇಡ ಅಂತಾರೆ" ಅಂದ.

ಪ್ರಯಾಣಿಕರು ಇಳಿಯುತ್ತಿರಲಿಲ್ಲವೇನೋ. ಚೂರು ಇಳಿಯಿತು. ಕೂರಿಸಿದ್ದೇ ತಡ, ಬೆಲ್ಟಿನಡಿ ನುಸುಳಿ, ಪಕ್ಕಕ್ಕೆ ವಾಲಿ, ಕುಂಯ್ ಕುಂಯ್ ಅಂತ ರಾಗ ತೆಗೆಯಿತು. ಸಂಜೆ ಅದನ್ನು ನೋಡಿದ ತಂಗಿ ತನ್ನ ಹಳೇ ನೀಲಿ ಸ್ವೆಟರ್ ತಂದುಕೊಟ್ಟಳು. "ಇದನ್ನ ಒಳಗಡೆ ಹಾಕಿ ಹೊಲಿ ಅಕ್ಕಾ. ನನ್ನ ವಾಸನೆ ಇದ್ದರೆ ಸುಮ್ಮನೆ ಕೂರುತ್ತೆ."

ಒಳ್ಳೆ ಮಾತೇ. ಆದರೆ ಒಳ್ಳೆ ಮಾತು ಕಾದ ಬಾಣಲೆಗೆ ಬಿದ್ದರೂ ಚುರ್ ಅನ್ನುತ್ತದೆ. ಹಲಗೆ ನನ್ನದು, ಸ್ಪಂಜು ನನ್ನದು, ಬೆರಳಿಗೆ ದಬ್ಬಳ ಚುಚ್ಚಿಕೊಂಡವಳು ನಾನು, ಮರಿ ಕೂರುವುದು ಮಾತ್ರ ಇವಳ ವಾಸನೆಗೋ? ಸೀಟಕ್ಕ ಸ್ವೆಟರ್ ಇಸಿದುಕೊಂಡಳು. ತಂಗಿ ಅತ್ತ ಹೋದದ್ದೇ ಅದನ್ನು ಚೂರುಬಟ್ಟೆಯ ಗೋಣಿಗೆ ತುರುಕಿದಳು. ತನ್ನ ಕೆಲಸದ ಕೋಟನ್ನು ಸೋಪಿನ ಬಿಸಿನೀರಲ್ಲಿ ನೆನೆಹಾಕಿ, ಕುಕ್ಕಿ ಕುಕ್ಕಿ ಒಗೆದು ಒಣಗಿಸಿ, ಅದನ್ನೇ ಸೀಟಿನೊಳಗೆ ಹಾಸಿದಳು. ಮೇಲೆ ತೆಳ್ಳನೆ ಹತ್ತಿಬಟ್ಟೆ ಹೊಲಿದದ್ದರಿಂದ ಒಳಗೇನಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ.

"ಹಾಕಿದೆಯಾ ಅಕ್ಕಾ?"

"ಹಾಕಿದೆ, ಹಾಕಿದೆ."

ಕೂತರೆ ನನ್ನ ಬಟ್ಟೆಯಲ್ಲಿ ಕೂರಲಿ, ದಿನಾ ಕೂತರೆ ತಾನೇ ರೂಢಿಯಾಗುತ್ತೆ ಅಂತ ಅವಳ ಲೆಕ್ಕ. ಮರಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅದು ಕೊಸರಾಡುವುದನ್ನು ಬಿಡಲಿಲ್ಲ. ಇವಳು ಬೆಲ್ಟು ಬಿಗಿಮಾಡಿ, ಎದುರು ಕೂತು ಗದರಿಸಿ, ಬೇಡಿಕೊಂಡು, ಹೇಗೋ ಕಾಲುಗಂಟೆ ತಳ್ಳುತ್ತಿದ್ದಳು.

ಒಂದು ದಿನ ಮೀಸೆಯ ವ್ಯಾನಿನ ಸೀಟು ಅವಸರಕ್ಕೆ ಬೇಕಾಗಿತ್ತು. ಚೂರುವಿಗೆ ತಿನ್ನಿಸಿ, ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಇವಳು ಮಷಿನ್ನಿನ ಕಡೆ ತಿರುಗಿದಳು. ಅದೇ ಹೊತ್ತಿಗೆ ಧ್ವನಿವರ್ಧಕದಲ್ಲಿ ತಂಗಿಯ ದನಿ. ಮರಿ ದನಿ ಬಂದ ಕಡೆಗೆ ಮೈಯೆಲ್ಲ ತಿರುಚಿತು. ಬೆಲ್ಟಿನಡಿ ಅರ್ಧ ನುಸುಳಿ, ತಲೆಕೆಳಗಾಗಿ ಜೋತುಬಿತ್ತು. ಸೀಟಕ್ಕ ತಿರುಗಿ ನೋಡುವಷ್ಟರಲ್ಲಿ ತಿಂದದ್ದೆಲ್ಲ ಬಾಯಿಗೆ ಬಂದಿತ್ತು. ಒರೆಸಿದಳು, ಎತ್ತಿ ಬೆನ್ನು ತಟ್ಟಿದಳು. ಕೆಮ್ಮಿತು, ಸುಮ್ಮನಾಯಿತು. ಸದ್ಯ, ಏನೂ ಆಗಲಿಲ್ಲ ಅಂದುಕೊಂಡಳು. ಮರುದಿನ ಬೆಳಗ್ಗೆ ಮರಿಯ ಮೈ ಕೆಂಡದ ಹಾಗೆ ಸುಡುತ್ತಿತ್ತು, ಉಸಿರೆಳೆದರೆ ಎದೆಯಲ್ಲಿ ಗೊರಗೊರ ಸದ್ದು. ಬಂಗಾರಾ ಅಂದರೂ ಬಾಲ ಏಳಲಿಲ್ಲ.

ಅಕ್ಕತಂಗಿಯರಿಬ್ಬರೂ ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ ಮುಖ ಗಂಭೀರ ಮಾಡಿದರು. ತಿಂದದ್ದು ಶ್ವಾಸಕೋಶಕ್ಕೆ ಇಳಿದಿದೆ, ನ್ಯುಮೋನಿಯಾ ಅಂದರು. ಮರಿಯ ಮೂತಿಗೆ ಆಮ್ಲಜನಕದ ಬಟ್ಟಲು ಹಿಡಿದು, ಕಾಲಿಗೆ ಡ್ರಿಪ್ಪಿನ ಸೂಜಿ ಚುಚ್ಚಿ ಪಟ್ಟಿ ಕಟ್ಟಿದರು. "ಸೀಟಲ್ಲಿ ಕೂರಿಸ್ತಾ ಇದ್ದೀವಿ ಅಂದಿರಲ್ಲ, ಕೂರುತ್ತಿರಲಿಲ್ವಾ?"

"ಅದೇ ಗೊತ್ತಾಗ್ತಿಲ್ಲ ಡಾಕ್ಟ್ರೇ" ಅಂದಳು ತಂಗಿ, ಕಣ್ಣೊರೆಸಿಕೊಳ್ಳುತ್ತ. "ನನ್ನ ಹತ್ತಿರ ಎಷ್ಟು ಹೊತ್ತು ಬೇಕಾದ್ರೂ ಸುಮ್ಮನಿರುತ್ತೆ. ಅದಕ್ಕೇ ನನ್ನ ಸ್ವೆಟರ್ ಒಳಗೆ ಹಾಕಿಸಿದ್ದೆ. ಆದರೂ ಯಾಕೆ ಹೀಗೆ... ನೀನು ಹಾಕಿದ್ದೆ ಅಲ್ವಾ ಅಕ್ಕಾ?"

ಸೀಟಕ್ಕ ಮರಿಯನ್ನೇ ನೋಡುತ್ತಿದ್ದಳು. ಆ ಬಟ್ಟಲಿನೊಳಗೆ ಮೂತಿ ಇಟ್ಟುಕೊಂಡು, ಪಕ್ಕೆ ಏರಿಸಿ ಇಳಿಸಿ ಅದು ಒಂದೊಂದು ಉಸಿರನ್ನೂ ದುಡಿದು ಸಂಪಾದಿಸುತ್ತಿತ್ತು.

"ಹಾಕಿಲ್ಲ" ಅಂದಳು.

"ಏನು?"

"ಹಾಕಿಲ್ಲ ಕಣೇ. ಗೋಣಿಗೆ ತುರುಕಿದೆ. ನನ್ನ ಕೋಟು ಹಾಕಿದೆ. ಹೊಟ್ಟೆಕಿಚ್ಚಿಗೆ."

"ಹೊಟ್ಟೆಕಿಚ್ಚಾ? ಈ ಮರಿ ಮೇಲಾ?"

"ನಿನ್ನ ಮೇಲೆ."

ಡಾಕ್ಟರಮ್ಮ ಏನೋ ನೆನಪಾದ ಹಾಗೆ ಪಕ್ಕದ ಕೋಣೆಗೆ ಹೋದರು. ತಂಗಿ ಮರಿಯ ಕಡೆ ತಿರುಗಿ, ಮೂತಿಯಿಂದ ಜಾರುತ್ತಿದ್ದ ಬಟ್ಟಲನ್ನು ಸರಿಯಾಗಿ ಹಿಡಿದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಗಾದೆ. ಇಲ್ಲಿ ಜಗಳವೂ ಆಗಿರಲಿಲ್ಲ. ಒಬ್ಬಳೇ ಒಳಗೊಳಗೇ ಆಡಿದ ಜಗಳಕ್ಕೆ ಕೂಸು ಮೇಜಿನ ಮೇಲೆ ಮಲಗಿತ್ತು.

ಸೀಟಕ್ಕ ಮನೆಗೆ ಬಂದು ಗೋಣಿಯನ್ನು ನೆಲಕ್ಕೆ ಸುರಿದಳು. ರೆಕ್ಸಿನ್ ಚೂರು, ದಾರದ ಉಂಡೆ, ಸ್ಪಂಜಿನ ಪುಡಿ, ಎಲ್ಲದರ ಅಡಿಯಲ್ಲಿ ನೀಲಿ ಸ್ವೆಟರ್ ಇತ್ತು. ಕೊಡವಿ, ಬಿಸಿಲಿಗೆ ಹಿಡಿದು ಒಂದೊಂದೇ ಕಸ ಹೆಕ್ಕಿದಳು. ಸೀಟಿನ ಹೊಲಿಗೆ ಬಿಚ್ಚಿ ಕೋಟು ಕಿತ್ತು ತೆಗೆದಳು. ಸ್ವೆಟರನ್ನು ಬೆನ್ನಿಗೆ ಬರುವ ಹಾಗೆ ಹಾಸಿ, ಮೇಲೆ ಯಾವ ಬಟ್ಟೆಯನ್ನೂ ಮುಚ್ಚದೆ, ಎರಡೂ ತೋಳು ಮುಂದೆ ಇಳಿಬಿದ್ದಿರುವ ಹಾಗೆ ಜೋಡಿದಾರದಲ್ಲಿ ಹೊಲಿದಳು. ಹೊಲಿಯುವಾಗ ಅತ್ತಳು. ಅಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು, ಅದನ್ನು ಸುಳ್ಳು ಹೇಳಿ ಏನು ಪ್ರಯೋಜನ.

ಮರಿ ಉಳಿಯಿತು. ಡಾಕ್ಟರಮ್ಮನ ಸೂಜಿಗೋ, ರಜೆ ಹಾಕಿ ಪಕ್ಕದಲ್ಲೇ ಕೂತ ತಂಗಿಯ ಹೆಗಲಿಗೋ, ಅಂತೂ ಉಳಿಯಿತು. ಮನೆಗೆ ಬಂದಮೇಲೆ ಸೀಟಿನಲ್ಲಿ ಕೂರಿಸಿದರು. ಚೂರು ನೀಲಿ ತೋಳನ್ನು ಮೂಸಿತು, ಅದರೊಳಗೆ ಮೂತಿ ತೂರಿಸಿತು, ಕಣ್ಣು ಅರ್ಧ ಮುಚ್ಚಿ ಸುಮ್ಮನೆ ಕೂತಿತು. ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ, "ನೆಟ್ಟಗೆ ಕೂತಿತಲ್ಲ, ಅಷ್ಟೇ ಸಾಕು" ಅಂದಳು. ಆಸ್ಪತ್ರೆಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಆದರೆ ತಂಗಿ ಸಂಜೆ ಬಂದು ಬಂಗಾರಾ ಅನ್ನುವ ಮೊದಲು ಒಮ್ಮೆ ಅಕ್ಕನ ಕಡೆ ನೋಡುವುದು ಶುರುವಾಯಿತು. ಆ ನೋಟ ಕಂಡರೆ ಸೀಟಕ್ಕನಿಗೆ ಮೈಯೆಲ್ಲ ಮುಳ್ಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತಿನಿಂದ ಸೀಟಕ್ಕ ಮರಿಗೆ ತಿನ್ನಿಸಿದಮೇಲೆ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಸೊಲ್ಯೂಷನ್ ಡಬ್ಬವನ್ನು ಹೊರಗಿನ ಜಗಲಿಗೆ ಹಾಕಿದಳು. ಮಳೆ ಬರಲಿ ಬಿಸಿಲಿರಲಿ, ಅಂಟಿಸುವ ಕೆಲಸವೆಲ್ಲ ಅಲ್ಲೇ. ತಿಂದು ಕೂತ ಚೂರುವಿಗೆ ತೂಕಡಿಕೆ ಬಂದು ತಲೆ ಬಾಗುತ್ತಿತ್ತು. ಅದು ಬಾಗದ ಹಾಗೆ ಗಲ್ಲದ ಕೆಳಗೆ ಅಂಗೈ ಕೊಟ್ಟು ಎದುರಿಗೆ ಕೂರುತ್ತಿದ್ದಳು. ಬಾಯಿ ಜೊಲ್ಲಾದರೆ ನೀಲಿ ತೋಳಿನಿಂದಲೇ ಒರೆಸುವಳು, ಅದೇ ತೋಳಿಗೆ ತನ್ನ ಕೈಯನ್ನೂ ಒರೆಸಿಕೊಳ್ಳುವಳು. ಸ್ವೆಟರ್ ಒಗೆದರೆ ತಂಗಿಯ ವಾಸನೆ ಹೋದೀತು ಅಂತ ಒಗೆಯುತ್ತಿರಲಿಲ್ಲ, ಒದ್ದೆಬಟ್ಟೆಯಲ್ಲಿ ಮೇಲುಮೇಲೆ ಒರೆಸಿ ಗಾಳಿಗಿಡುತ್ತಿದ್ದಳು. ಹುಟ್ಟಿದಾಗಿನಿಂದ ಕೈಕಟ್ಟಿ ಕೂತು ಗೊತ್ತಿಲ್ಲದ ಹೆಂಗಸು ದಿನಕ್ಕೆ ಮೂರು ಹೊತ್ತು ಹೀಗೆ ಒಂದು ನಾಯಿಯ ಗಲ್ಲ ಹಿಡಿದು ಕೂರುವುದನ್ನು ನೋಡಿ ಮೀಸೆ, "ಏನಕ್ಕಾ, ಫೋಟೋ ತೆಗೆಯೋರು ಇನ್ನೂ ಬಂದಿಲ್ವಾ?" ಅಂತ ಕೇಳುವನು. "ನಿನ್ನ ಮೀಸೆ ಬೋಳಿಸಿದ ದಿನ ಬರ್ತಾರೆ, ಹೋಗೋ" ಅನ್ನುವಳು, ಅಂಗೈ ಅಲುಗಿಸದೆ.

ಚೂರು ಸೀನುವುದು ಯಾವತ್ತು ನಿಂತಿತೋ ಅವಳು ಗಮನಿಸಲಿಲ್ಲ. ಅವಳು ಗಮನಿಸುತ್ತಿದ್ದದ್ದು ಒಂದೇ. ಪ್ರತಿ ಸಲ ಕೂರಿಸಿದಾಗಲೂ ಅದು ಮೊದಲು ಆ ನೀಲಿ ತೋಳಿನೊಳಗೆ ಮೂತಿ ತೂರಿಸುತ್ತಿತ್ತು. ಹಿಡಿದಿರುವುದು ನನ್ನ ಕೈ, ಮೂಸುವುದು ಅವಳ ಸ್ವೆಟರ್ ಅಂದುಕೊಳ್ಳುವಳು. ಹೆಗಲಿಗೆ ಹಾಕಿಕೊಳ್ಳಬೇಕು ಅಂತ ಎಷ್ಟೋ ಸಲ ಅನಿಸಿತು. ಮತ್ತೆ ಆ ಮುಂಗಾಲು ಗಲ್ಲಕ್ಕೆ ತಳ್ಳಿದರೆ ತಡೆದುಕೊಳ್ಳಲಾರೆ ಅಂತ ಸುಮ್ಮನಾಗುವಳು.

ಮರಿ ಬೆಳೆಯಿತು. ಪಕ್ಕೆಲುಬು ಮುಚ್ಚಿಹೋಯಿತು, ಮಡಚಿದ ಕಿವಿ ಹಾಗೇ ಉಳಿಯಿತು. ಅನ್ನನಾಳ ಸ್ವಲ್ಪ ಬಿಗಿಯಾಗಿದೆ, ಆದರೆ ಕೂರಿಸುವುದನ್ನು ಈಗಲೇ ಬಿಡಬೇಡಿ ಅಂದರು ಡಾಕ್ಟರಮ್ಮ. ಬಿಡಬಾರದು ಸರಿ, ಸೀಟೇ ಸಾಲದಾಯಿತು. ಸೀಟಕ್ಕ ಇನ್ನೊಂದು ಮಾಡಿದಳು. ಅಗಲವಾದದ್ದು, ಅದಕ್ಕೂ ಕೆಂಪು ರೆಕ್ಸಿನ್, ಅದಕ್ಕೂ ಬಿಳಿ ಪಟ್ಟಿ. ಆಮೇಲೆ ತಂಗಿಯ ಹತ್ತಿರ ಹೋಗಿ, ಗೋಡೆ ನೋಡುತ್ತ, "ಇನ್ನೊಂದು ಸ್ವೆಟರ್ ಕೊಡು. ನಾಲ್ಕು ದಿನ ಹಾಕಿಕೊಂಡು ಒಗೆಯದೆ ಕೊಡು" ಅಂದಳು. ಆ ಮಾತು ಗಂಟಲಿನಿಂದ ಹೊರಡಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

ತಂಗಿಗೆ ರಜೆಯಿದ್ದ ದಿನ ಹೊಸ ಸೀಟು ಅಂಗಳಕ್ಕೆ ಬಂತು. ಒಳಗೆ ತಂಗಿಯ ಹಳದಿ ಸ್ವೆಟರ್, ಇನ್ನೂ ಅವಳ ಮೈಯ ಬಿಸಿ ಆರಿರದ ಹಾಗಿತ್ತು. ಚೂರುವಿಗೆ ತಿನ್ನಿಸಿ, ತಂಗಿಯೇ ಎತ್ತಿ ಕೂರಿಸಿದಳು. "ಕೂತ್ಕೋ ಬಂಗಾರಾ, ನಿಂಗೇ ಅಂತ ಹಾಕಿದ್ದು."

ಚೂರು ಹಳದಿ ತೋಳನ್ನು ಮೂಸಿತು. ಈ ಕಡೆ ಮೂಸಿತು, ಆ ಕಡೆ ಮೂಸಿತು. ಏನೋ ಕಳೆದುಹೋಯಿತು ಅನ್ನುವ ಹಾಗೆ ಕುಂಯ್ಗುಟ್ಟಿ, ಬೆಲ್ಟು ಹಾಕುವ ಮೊದಲೇ ಕೆಳಗೆ ಹಾರಿತು. ನೇರ ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ಹಳೇ ಸೀಟಿನೊಳಗೆ ತನ್ನ ದಪ್ಪ ಹಿಂಭಾಗವನ್ನು ತೂರಿಸಲು ನೋಡಿತು. ಜಾಗ ಸಾಲಲಿಲ್ಲ. ಆದರೂ ಬಿಡದು. ಅರ್ಧ ಒಳಗೆ ಅರ್ಧ ಹೊರಗೆ ನಿಂತು, ನೀಲಿ ತೋಳಿನಲ್ಲಿ ಮೂತಿ ಹುದುಗಿಸಿತು.

"ಅಡ್ಡ ಬೀಳುತ್ತೆ, ಹಿಡಿ, ಹಿಡಿ!" ಅಂತ ಸೀಟಕ್ಕ ಓಡಿಹೋಗಿ ಅದರ ಎದೆಗೆ ಕೈ ಕೊಟ್ಟು ನೆಟ್ಟಗೆ ನಿಲ್ಲಿಸಿದಳು. "ನಿನ್ನ ಹಳೇ ಸ್ವೆಟರೇ ಬೇಕಂತೆ ನಿನ್ನ ಬಂಗಾರಕ್ಕೆ. ಅದನ್ನೇ ಕಿತ್ತು ಇದಕ್ಕೆ ಹಾಕ್ತೀನಿ."

ತಂಗಿ ಮಂಡಿಯೂರಿ ಕೂತು ನೀಲಿ ತೋಳನ್ನು ಮೂಗಿನ ಹತ್ತಿರ ತಂದಳು. ಮುಖ ಸಿಂಡರಿಸಿದಳು. ಮತ್ತೊಮ್ಮೆ ಮೂಸಿದಳು.

"ಅಕ್ಕಾ, ಇದರಲ್ಲಿ ನಾನೆಲ್ಲಿದ್ದೀನಿ?"

"ಅಂದ್ರೆ?"

"ನನ್ನ ವಾಸನೆ ಎಳ್ಳಷ್ಟೂ ಇಲ್ಲ. ಬರೀ ಸೊಲ್ಯೂಷನ್ನು, ರೆಕ್ಸಿನ್ನು. ಬರೀ ನೀನೇ."

ಸೀಟಕ್ಕ ತಾನೂ ಮೂಸಿದಳು. ಅವಳಿಗೆ ಏನೂ ಗೊತ್ತಾಗಲಿಲ್ಲ. ಏನೂ ಗೊತ್ತಾಗದೆ ಇದ್ದದ್ದೇ ಗೊತ್ತಾಗಬೇಕಾದ್ದು ಅಂತ ತಿಳಿಯಲು ಒಂದು ಕ್ಷಣ ಹಿಡಿಯಿತು. ತಲೆಯೆತ್ತಿ ನೋಡಿದರೆ ತಂಗಿಯ ಮುಖದಲ್ಲಿ ಒಂದು ಬಿಗಿತ, ತುಟಿಯ ಮೂಲೆಯಲ್ಲಿ ಒಂದು ಸಣ್ಣ ಕಹಿ. ಆ ಮುಖ ಅವಳಿಗೆ ಚೆನ್ನಾಗಿ ಪರಿಚಯ. ದಿನಾ ಕನ್ನಡಿಯಲ್ಲಿ ನೋಡಿಕೊಂಡದ್ದೇ.

ನಿಜ ಹೇಳಬೇಕಂದರೆ ಅವಳಿಗೆ ಖುಷಿಯಾಯಿತು. ಕುಣಿಯುವಷ್ಟು ಖುಷಿಯಾಯಿತು. ಒಂದು ಕ್ಷಣ ಆದಮೇಲೆ ಆ ಖುಷಿಗೆ ನಾಚಿಕೆಯೂ ಆಯಿತು. ಚೂರುವನ್ನು ಹಿಡಿದುಕೊಳ್ಳಲು ತಂಗಿಗೆ ಹೇಳಿ ಒಳಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಕೆಲಸದ ಕೋಟು ತಂದಳು. ಒಗೆದದ್ದಲ್ಲ, ಆ ದಿನದ ಅಂಟು ಇನ್ನೂ ಅಂಚಿನಲ್ಲಿ ಒಣಗುತ್ತಿದ್ದದ್ದು. "ಬೆನ್ನಿಗೆ ಇದನ್ನ ಹಾಕೋಣ. ನಿನ್ನ ಹಳದಿಯ ಒಂದು ತೋಳು ಪಕ್ಕಕ್ಕೆ ಹಾಕ್ತೀನಿ."

"ಹಾಕ್ತೀಯಾ?" ಅಂದಳು ತಂಗಿ. "ಹಾಕ್ತೀನಿ ಅಂದದ್ದನ್ನ ನಾನು ಹಿಂದೆ ಒಂದು ಸಲ ನಂಬಿದ್ದೆ."

ಇಷ್ಟು ದಿನ ಆ ನೋಟದಲ್ಲಿದ್ದ ಮಾತು ಕೊನೆಗೂ ಬಾಯಿಗೆ ಬಂತು. ಸೀಟಕ್ಕನಿಗೆ ನಾಟಿತು, ನಾಟಬೇಕಾದ್ದೇ. ಅವಳು ದಬ್ಬಳಕ್ಕೆ ದಾರ ಪೋಣಿಸಿ, ಗಂಟು ಹಾಕಿ, ತಂಗಿಯ ಮುಂದೆ ಹಿಡಿದಳು.

"ಹಾಗಾದರೆ ನೀನೇ ಹೊಲಿ."

"ನನಗೆಲ್ಲಿ ಬರುತ್ತೆ ಅಕ್ಕಾ?"

"ಮೈಕಲ್ಲಿ ಮಾತಾಡೋದು ಹುಟ್ಟುತ್ತಲೇ ಬಂತಾ? ಹೊಲಿ."

ತಂಗಿ ಸೀಟನ್ನು ಮಡಿಲಿಗೆಳೆದುಕೊಂಡು ಕೂತಳು. ಮೊದಲ ಹೊಲಿಗೆಗೇ ಬೆರಳಿಗೆ ಚುಚ್ಚಿಕೊಂಡು ಅಯ್ಯಪ್ಪಾ ಅಂದಳು. ಅಷ್ಟರಲ್ಲಿ ಚೂರು ಹಳೇ ಸೀಟಿನಿಂದ ಜಾರತೊಡಗಿತು. ಹೊಟ್ಟೆ ತುಂಬ ತಿಂದಿದೆ, ಅಡ್ಡ ಬಿದ್ದರೆ ಗತಿಯೇನು? ತಂಗಿಯ ಎರಡೂ ಕೈಯಲ್ಲಿ ಕೆಲಸ. ಬೇರೆ ದಾರಿಯಿರಲಿಲ್ಲ. ಸೀಟಕ್ಕ ಅದನ್ನು ಎತ್ತಿ, ಕಣ್ಣು ಮುಚ್ಚಿ, ಹೆಗಲಿಗೆ ಹಾಕಿಕೊಂಡಳು.

ಚೂರು ಅವಳ ಕುತ್ತಿಗೆಯ ಹತ್ತಿರ ಮೂಗು ತಂದಿತು. ಮೂಸಿತು. ಸೀನಲಿಲ್ಲ. ಹುಡುಕುತ್ತಿದ್ದದ್ದು ಸಿಕ್ಕಿತು ಅನ್ನುವ ಹಾಗೆ ಮೂತಿಯನ್ನು ಇನ್ನಷ್ಟು ಒಳಕ್ಕೆ ತೂರಿಸಿ, ಉಸ್ ಅಂತ ಉಸಿರುಬಿಟ್ಟು, ತನ್ನ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟಿತು. ಸೀಟಕ್ಕ ಉಗುಳು ನುಂಗಿದರೆ ಅದು ಎಚ್ಚರವಾದೀತು ಅಂತ ಅದನ್ನೂ ತಡೆದು ನಿಂತಳು.

ತಂಗಿ ಹೊಲಿಗೆಯಿಂದ ತಲೆಯೆತ್ತಿ ಒಮ್ಮೆ ನೋಡಿದಳು. ಮತ್ತೆ ಬಗ್ಗಿದಳು. ಅವಳ ಹೊಲಿಗೆಯೋ, ದೇವರಿಗೇ ಪ್ರೀತಿ. ಒಂದು ಇಲ್ಲಿ, ಒಂದು ಅಲ್ಲಿ, ಒಂದು ಎಲ್ಲೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಸೀಟಕ್ಕ ಕಿತ್ತುಕೊಂಡು, ಬೈದು, ತಾನೇ ಮಾಡಿ ಎಸೆಯುತ್ತಿದ್ದಳು.

"ತಡವಾಗ್ತಾ ಇದೆ ಅಲ್ವಾ ಅಕ್ಕಾ?" ಅಂದಳು ತಂಗಿ.

"ಇಲ್ಲ ಕಣೇ" ಅಂದಳು ಸೀಟಕ್ಕ, ಬೆನ್ನು ತಟ್ಟುತ್ತ. "ನಿಧಾನಕ್ಕೇ ಹೊಲಿ."